ಹುಡುಕಹೊರಟವರ ಕಾವ್ಯ

ಶ್ರಾವಣ ಮಾಸವು ಕಾಲಿಟ್ಟಿತೆಂದರೆ ಆಳಂದ, ಅಫಜಲಪುರ, ಜೇವರ್ಗಿಯ ಸೀಮೆಗಳಲ್ಲಿ ರಾತ್ರಿಗೆ ಒಂದು ಘನತೆ ಬರುತ್ತದೆ. ಹಗಲೆಲ್ಲ ತೊಗರಿಯ ಹೊಲದಲ್ಲಿ ಕಳೆ ಕಿತ್ತು ಬಂದವರು ಉಂಡ ಕೈ ಒಣಗುವದರೊಳಗಾಗಿ ಮಠದ ಅಂಗಳಕ್ಕೋ ಗುಡಿಯ ಕಟ್ಟೆಗೋ ಬಂದು ಸೇರುತ್ತಾರೆ. ಅಲ್ಲಿ ಪುರಾಣ ಹಚ್ಚಿರುತ್ತಾರೆ. ಒಬ್ಬರು ಹಾರ್ಮೋನಿಯಮ್ಮಿನ ಶ್ರುತಿ ಹಿಡಿದು ಷಟ್ಪದಿಯನ್ನು ಎತ್ತುತ್ತಾರೆ. ಮತ್ತೊಬ್ಬರು ತಬಲಾದ ಮೇಲೆ ಅದನ್ನು ನಡೆಸಿಕೊಂಡು ಹೋಗುತ್ತಾರೆ. ಪುರಾಣಿಕರು ಪದ್ಯದ ಗಂಟನ್ನು ಬಿಡಿಸುತ್ತ ನಡುನಡುವೆ ಊರಿನ ಜಿಪುಣನನ್ನೂ ಜಗಳಗಂಟಿಯನ್ನೂ ಹೆಸರು ಹೇಳದೆ ತಿವಿಯುತ್ತ ಕಥೆಯನ್ನು ಮುಂದಕ್ಕೆ ಸಾಗಿಸುತ್ತಾರೆ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಗೊತ್ತಿದ್ದ ಕಥೆಗೆ ತಿಂಗಳುಗಟ್ಟಲೆ ನಿದ್ದೆಗೆಡುವ ಜನರು ಜಗತ್ತಿನಲ್ಲಿ ಎಷ್ಟು ಕಡೆ ಉಳಿದಿರುವರೋ!

ಕಾವ್ಯವು ಕಿವಿಯ ಊಟವೆಂದು ತಿಳಿದಿರುವ ಇಂಥ ಸೀಮೆಗೆ, ಮಹಾಕಾವ್ಯದ ಕಾಲವು ತೀರಿತೆಂದು ಪಟ್ಟಣದ ವಿಮರ್ಶಕರು ಹೊರಡಿಸಿದ ವಾರ್ತೆಯು ಇನ್ನೂ ಬಂದು ಮುಟ್ಟಿಲ್ಲ. ಒಂದು ಬಗೆಯಿಂದ ಅದು ಸುಳ್ಳು ವಾರ್ತೆಯೂ ಹೌದು. ಕುವೆಂಪು ಅವರು 1936ರಲ್ಲಿ ಆರಂಭಿಸಿ 1946ರಲ್ಲಿ ಮುಗಿಸಿದ ಶ್ರೀ ರಾಮಾಯಣ ದರ್ಶನಂ 1949ರಲ್ಲಿ ಅಚ್ಚಾಗಿ ಹೊರಬಂದಿತು. ಆಳಂದದಿಂದ ಬಹಳ ದೂರವಲ್ಲದ ಸೊಲ್ಲಾಪುರದಲ್ಲಿ, ಮರಾಠಿಯ ನಡುವೆ ಕನ್ನಡದ ದೀಪವನ್ನು ಕಾಯ್ದುಕೊಂಡು ಕುಳಿತಿದ್ದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮನ ಚರಿತ್ರೆಯನ್ನು ಹೆಣ್ಣುಮಕ್ಕಳ ತ್ರಿಪದಿಯಲ್ಲಿಯೇ ಪುರಾಣವಾಗಿ ಹಾಡಿ 1968ರ ರಾಜ್ಯ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದರು. ಆದರೆ ಇವೆರಡೂ ಪುರಾಣದ ಕಟ್ಟೆಗೆ ಅಪರಿಚಿತವಾದವುಗಳಲ್ಲ. ಒಂದರ ನಾಯಕ ರಾಮ, ಇನ್ನೊಂದರವನು ಸೊನ್ನಲಿಗೆಯ ಸಿದ್ಧರಾಮ. ದೇವರೂ ಅಲ್ಲದ, ಶರಣನೂ ಅಲ್ಲದ, ಹಟ್ಟಿಯ ಒಬ್ಬ ಹುಡುಗನು ಯಕ್ಷಿಯೊಬ್ಬಳನ್ನು ಮೋಹಿಸಿ ಅವಳ ಬೆನ್ನು ಹತ್ತಿದ ಕಥೆಯನ್ನು ಮಹಾಕಾವ್ಯವೆಂದು ಕರೆದು ತಂದಿಟ್ಟರೆ ಈ ಕಟ್ಟೆಯು ಏನೆಂದೀತು? ಚಂದ್ರಶೇಖರ ಕಂಬಾರರು 1996ರಲ್ಲಿ ಪ್ರಕಟಿಸಿದ ಚಕೋರಿಯು ಅಂಥ ಕಾವ್ಯ. ಅದು ಬಂದ ಮರುವರ್ಷದ ಶ್ರಾವಣದಲ್ಲಿ ಆಳಂದದ ಒಂದು ಮನೆಯ ಅಂಗಳದಲ್ಲಿ ಆ ಪರೀಕ್ಷೆಯು ತಾನಾಗಿಯೇ ನಡೆದುಹೋಯಿತು. ನಡೆಸಿದವರಿಗೆ ಅದು ಪರೀಕ್ಷೆಯೆಂದು ತಿಳಿದಿರಲಿಲ್ಲ.

ಆ ಮನೆಯ ಯಜಮಾನರು ಎರಡು ವರ್ಷದ ಹಿಂದೆ ನೌಕರಿಯಿಂದ ನಿವೃತ್ತರಾಗಿದ್ದ ಕನ್ನಡ ಮಾಸ್ತರರು. ಅವರು ಅಕ್ಷರ ಕಲಿತದ್ದು ನಿಜಾಮರ ಆಳಿಕೆಯಲ್ಲಿ, ಉರ್ದೂ ಶಾಲೆಯಲ್ಲಿ. ಆ ಶಾಲೆಯ ಮೌಲವಿ ಸಾಹೇಬರು ಗಣಿತವನ್ನು ಬೆತ್ತದಿಂದಲೂ ಕಾವ್ಯವನ್ನು ಕಣ್ಣೀರಿನಿಂದಲೂ ಕಲಿಸುತ್ತಿದ್ದರೆಂದು ಮಾಸ್ತರರು ಹೇಳುತ್ತಿದ್ದರು. ಮೀರ್ ಹಸನನ ಸಿಹ್ರುಲ್ ಬಯಾನ್ ಎಂಬ ಮಸ್ನವಿಯು ಮೌಲವಿಗಳಿಗೆ ಪೂರ್ತಿ ಕಂಠಪಾಠವಾಗಿತ್ತು. 1785ರ ಸುಮಾರಿಗೆ ಹುಟ್ಟಿದ ಆ ಕಥೆ ವಿಚಿತ್ರವಾದದ್ದು. ಬೇನಜೀರನೆಂಬ ರಾಜಕುಮಾರನನ್ನು ಪರಿಯೊಬ್ಬಳು ಮಾಳಿಗೆಯ ಮೇಲಿಂದ ಹೊತ್ತೊಯ್ಯುತ್ತಾಳೆ. ಹಾರುವ ಯಂತ್ರದ ಕುದುರೆಯನ್ನು ಕೊಡುತ್ತಾಳೆ. ಅವನು ಆ ಕುದುರೆಯನ್ನೇರಿ ಬೇರೊಬ್ಬ ರಾಜಕುಮಾರಿಯನ್ನು ಕಂಡು ಮನಸೋತು, ಪರಿಯ ಸಿಟ್ಟಿಗೆ ಗುರಿಯಾಗಿ ಬಾವಿಯಲ್ಲಿ ಸೆರೆಬೀಳುತ್ತಾನೆ. ಅವನನ್ನು ಬಿಡಿಸಲು ಹೊರಡುವವನು ವೀರನಲ್ಲ, ಸೈನ್ಯವಲ್ಲ. ಮಂತ್ರಿಯ ಮಗಳಾದ ನಜ್ಮುನ್ನಿಸಾ ಜೋಗಿಣಿಯ ವೇಷ ತೊಟ್ಟು, ಬೀನನ್ನು ಹೆಗಲಿಗೇರಿಸಿ ಅಡವಿಗೆ ಹೊರಡುತ್ತಾಳೆ. ಅವಳ ವಾದನಕ್ಕೆ ಜಿನ್ನರ ರಾಜಕುಮಾರನೇ ಸೋತು ಸಹಾಯಕ್ಕೆ ನಿಲ್ಲುತ್ತಾನೆ. ಒಂಬತ್ತು ಹತ್ತು ವರ್ಷದ ಹುಡುಗನಿಗೆ ಹಾರುವ ಕುದುರೆಯೇ ದೊಡ್ಡದಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಜೋಗಿಣಿಯನ್ನು ಅವರು ನೆನೆಸಿಕೊಂಡದ್ದು ಐವತ್ತು ವರ್ಷಗಳ ತರುವಾಯ.

1948ರ ಸೆಪ್ಟೆಂಬರದಲ್ಲಿ ನಿಜಾಮರ ಆಳಿಕೆಯು ಕೊನೆಗಂಡಿತು. ಶಾಲೆಯ ಭಾಷೆ ಬದಲಾಯಿತು. ಮನೆಯಲ್ಲಿ ಆಡುತ್ತಿದ್ದ ಮಾತು ಪುಸ್ತಕದಲ್ಲಿಯೂ ಇದೆಯೆಂಬುದನ್ನು ಕಂಡ ಆ ತಲೆಮಾರಿನ ಹುಡುಗರ ಹಿಗ್ಗು ಈಗಿನವರಿಗೆ ಅರ್ಥವಾಗುವದು ಕಷ್ಟ. ಮಾಸ್ತರರು ಹಸಿದವರು ಉಣ್ಣುವಂತೆ ಕನ್ನಡವನ್ನು ಓದಿದರು. ಮುಂದೆ ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಾಸ್ತರಿಕೆ ದೊರೆತ ಮೇಲೆ, ಸಾಹಿತ್ಯ ಪರಿಷತ್ತಿನ ಜಾಣ ಪರೀಕ್ಷೆಗೆ ಕುಳಿತ ಕಾಲದಲ್ಲಿ, ಹಳಗನ್ನಡದ ಹುಚ್ಚು ಅವರನ್ನು ಹಿಡಿಯಿತು. ಆ ಹುಚ್ಚಿನ ಶಿಖರವೆಂದರೆ ನೇಮಿಚಂದ್ರನ ಲೀಲಾವತಿ ಪ್ರಬಂಧ.

ಹನ್ನೆರಡನೆಯ ಶತಮಾನದ ಈ ಚಂಪೂಕಾವ್ಯದಲ್ಲಿ ಬನವಾಸಿಯ, ಅಂದರೆ ಜಯಂತೀಪುರದ ರಾಜಕುಮಾರ ಕಂದರ್ಪನು ಕನಸಿನಲ್ಲಿ ಕಂಡ ಕನ್ಯೆಯನ್ನು ಹುಡುಕುತ್ತ ಗೆಳೆಯ ಮಕರಂದನೊಡನೆ ಅರಮನೆಯನ್ನು ಬಿಟ್ಟು ಹೊರಡುತ್ತಾನೆ. ಅತ್ತ ಆ ಕನ್ಯೆಯೂ ಅವನನ್ನು ಕನಸಿನಲ್ಲಿಯೇ ಕಂಡಿರುತ್ತಾಳೆ. ಕಥೆಯ ಎಳೆಯು ಸುಬಂಧುವಿನ ವಾಸವದತ್ತೆಯದು. ಆದರೆ ಕನ್ನಡದ ನೆಲದ ರಾಜಕುಮಾರನಿಗೆ ಕನಸು ಬಿದ್ದದ್ದು, ಅವನು ಆ ಕನಸನ್ನು ನಂಬಿ ರಾಜ್ಯವನ್ನೇ ತೊರೆದು ನಡೆದದ್ದು ನೇಮಿಚಂದ್ರನ ಕೊಡುಗೆ. ಜೈನಪುರಾಣಗಳ ನಡುವೆ ಒಬ್ಬ ಕವಿಯು ಬರೀ ಪ್ರೇಮಕ್ಕಾಗಿ ಒಂದು ದೊಡ್ಡ ಕಾವ್ಯವನ್ನು ಮೀಸಲಿಟ್ಟನೆಂಬುದೇ ಮಾಸ್ತರರಿಗೆ ದಿಗಿಲು ಹುಟ್ಟಿಸುತ್ತಿತ್ತು. ವರ್ಗದಲ್ಲಿ ಹುಡುಗರಿಗೆ ಅರ್ಥವಾಗಲಿ ಬಿಡಲಿ, ಅವರು ಕಂದರ್ಪನನ್ನು ಹೊರಡಿಸಿಯೇ ತೀರುತ್ತಿದ್ದರು.

ಆ ಹಳ್ಳಿಗೂ ಅವರ ಹೆಂಡತಿಯ ತವರಿಗೂ ನಡುವೆ ಭೀಮಾ ನದಿ. ಆಚೆಯ ದಂಡೆಯ ಜೇವರ್ಗಿ ಸೀಮೆಯ ಊರು ಅದು. 1958ರಲ್ಲಿ ಮದುವೆಯಾದಾಗ ಬೀಗರು ಹರಗೋಲಿನಲ್ಲಿ ನದಿಯನ್ನು ದಾಟಿ ಬಂದಿದ್ದರು. ಹೊಸ ಹೆಂಡತಿಯು ತನ್ನ ಜೊತೆಗೆ ತಂದದ್ದು ಎರಡು ಟ್ರಂಕು, ಒಂದು ಬೀಸುವ ಕಲ್ಲು, ಮತ್ತು ಯಾರ ಲೆಕ್ಕಕ್ಕೂ ಸಿಗದಷ್ಟು ಹಾಡು. ನಸುಕಿನಲ್ಲಿ ಎದ್ದು ಜೋಳವನ್ನು ಬೀಸುವಾಗ ಆಕೆ ಬೀರದೇವರ ಕಥೆಯನ್ನು ಹಾಡುತ್ತಿದ್ದಳು. ತವರೂರಿನ ಜಾತ್ರೆಯಲ್ಲಿ ಡೊಳ್ಳಿನ ಮೇಳದವರು ರಾತ್ರಿಯಿಡೀ ಹಾಡುವ ಆ ದೀರ್ಘ ಕಥೆಯನ್ನು ಹೆಣ್ಣುಮಕ್ಕಳು ಕೇಳಿ ಕೇಳಿ ತಮ್ಮ ಮೂರು ಸಾಲಿನ ಪದಗಳಿಗೆ ಇಳಿಸಿಕೊಂಡಿದ್ದರು. ತಾಯಿಯಿಂದ ಅಗಲಿದ ಮಗುವನ್ನು ಅಕ್ಕ ಮಾಯವ್ವ ಸಾಕಿದ್ದು, ಅವನು ಬೆಳೆದು ಕನ್ಯಾಕಾಮರತಿಯ ಮೇಲೆ ಮನಸಿಟ್ಟು ಅವಳನ್ನು ಪಡೆಯಲು ಹೊರಟದ್ದು, ದಾರಿಯಲ್ಲಿ ಎದುರಾದ ಮಾಯೆ ಮಂತ್ರಗಳು: ಹಾಡುಗಾರರಿಂದ ಹಾಡುಗಾರರಿಗೆ ಹೆಸರೂ ಘಟನೆಯೂ ಕೊಂಚ ಬದಲಾಗುವ ಈ ಕಥೆಯು ಹಾಲುಮತದವರ ಮಹಾಕಾವ್ಯ. ಬರೆದವರಿಲ್ಲದ್ದರಿಂದ ಅದಕ್ಕೆ ಆ ಹೆಸರು ಸಿಕ್ಕದ್ದು ತೀರ ಈಚೆಗೆ.

ಮದುವೆಯ ಮೂರನೆಯ ವರ್ಷದಲ್ಲಿ ಶಾಲೆಯ ತಪಾಸಣೆಗೆಂದು ಬಂದ ಅಧಿಕಾರಿಗಳೊಬ್ಬರು ಮಾಸ್ತರರ ಮನೆಯಲ್ಲಿಯೇ ತಂಗಿದರು. ರಾತ್ರಿ ಊಟದ ತರುವಾಯ ನೇಮಿಚಂದ್ರನ ವಿಷಯವಾಗಿ ಬಹಳ ಹೊತ್ತು ಮಾತು ನಡೆಯಿತು. ನಸುಕಿನಲ್ಲಿ ಎಂದಿನಂತೆ ಬೀಸುವ ಕಲ್ಲು ತಿರುಗಿತು, ಹಾಡು ಎದ್ದಿತು. ಮಾಸ್ತರರು ಗಾಬರಿಯಿಂದ ಎದ್ದು ಅಡಿಗೆಯ ಮನೆಯ ಬಾಗಿಲಿಗೆ ಬಂದು ದನಿ ತಗ್ಗಿಸಿ ನುಡಿದರು:

“ಏ, ಮನ್ಯಾಗ ದೊಡ್ಡ ಮನಷ್ಯಾರು ಮಲಗ್ಯಾರ. ಜಾತ್ರ್ಯಾಗಿನ ಡೊಳ್ಳಿನ ಪದಾ ಯಾಕ ಹಚ್ಚೀದಿ? ಮಾಸ್ತರ ಮನ್ಯಾಗ ಇದು ಚಂದ ಕಾಣಂಗಿಲ್ಲ.”

ಅಧಿಕಾರಿಗಳು ಆ ಹಾಡನ್ನು ಕೇಳಿದ್ದರೋ, ಕೇಳಿ ಮೆಚ್ಚಿದ್ದರೋ, ನಿದ್ದೆಯಲ್ಲಿಯೇ ಇದ್ದರೋ ಯಾರೂ ಅರಿಯರು. ಹೆಂಡತಿಯು ಜಗಳವಾಡಲಿಲ್ಲ. ಮರುದಿನವೂ ಅದರ ಮರುದಿನವೂ ಕಲ್ಲು ಮಾತ್ರ ತಿರುಗಿತು. ಕೆಲವು ವರ್ಷಗಳಲ್ಲಿ ಊರಿಗೆ ಹಿಟ್ಟಿನ ಗಿರಣಿಯು ಬಂದಿತು; ಬೀಸುವ ಕಲ್ಲು ಹಿತ್ತಲಿಗೆ ಹೋಗಿ ನೀರಿನ ಕೊಡಕ್ಕೆ ಆಸನವಾಯಿತು. ಹಾಡು ನಿಂತದ್ದು ಗಿರಣಿಯಿಂದಲೇ ಎಂದು ಮಾಸ್ತರರು ತಮ್ಮೊಳಗೆ ನಂಬಿಕೊಂಡರು. ಇಂಥ ನಂಬಿಕೆಗಳು ಮನುಷ್ಯನಿಗೆ ಬಹಳ ಅನುಕೂಲವಾದವು. ಆಕೆ 1994ರಲ್ಲಿ ತೀರಿಕೊಂಡಳು.

1997ರ ಮಳೆಗಾಲದಲ್ಲಿ ಕಲಬುರಗಿಯ ಕಾಲೇಜಿನಲ್ಲಿ ಓದುತ್ತಿದ್ದ ಮಗಳ ಮಗಳು ಚಕೋರಿಯನ್ನು ಗ್ರಂಥಾಲಯದಿಂದ ತಂದು ಅವರ ಮುಂದಿಟ್ಟಳು. “ಮುತ್ಯಾ, ಇದೂ ನಿಮ್ಮ ಕಂದರ್ಪನಂಗ ಹುಡುಕ್ಕೋತ ಹೋದಾಂವನ ಕತಿನೇ ಅದ, ನೋಡ್ರಿ” ಎಂದಳು. ಮಾಸ್ತರರಿಗೆ ಕಂಬಾರರ ನಾಟಕಗಳು ಗೊತ್ತಿದ್ದವು. ಬೆಳಗಾವಿ ಜಿಲ್ಲೆಯ ಘೋಡಿಗೇರಿಯ ಈ ಕವಿಯು ಬಯಲಾಟದ ಜೀವವನ್ನು ಹೊಸ ರಂಗಭೂಮಿಗೆ ತಂದವರೆಂಬ ಗೌರವವೂ ಇತ್ತು. ಆದರೆ ಯಕ್ಷಿ, ಮೋಹ, ಶಿವಾಪುರವೆಂಬ ಕಲ್ಪನೆಯ ಊರು! ಇಪ್ಪತ್ತನೆಯ ಶತಮಾನವು ಮುಗಿಯಲಿಕ್ಕೆ ಬಂದಾಗ ಇದೆಂಥ ಮಹಾಕಾವ್ಯವೆಂದು ಮೂಗು ಮುರಿದೇ ಅವರು ಪುಸ್ತಕವನ್ನು ತೆರೆದರು. ಮೊದಲು ಮೌನವಾಗಿ ಓದಿದರು. ಹತ್ತು ಪುಟಗಳಲ್ಲಿ ಕಣ್ಣು ಜಾರತೊಡಗಿತು. ಪುಸ್ತಕವನ್ನು ಮಡಿಚಿಟ್ಟು, ಮರುದಿನ ಮತ್ತೆ ತೆರೆದು, ಯಾರೂ ಇಲ್ಲದ ಹೊತ್ತಿನಲ್ಲಿ ದನಿಯೆತ್ತಿ ಓದಿ ನೋಡಿದರು. ಆಗ ಒಂದು ಸಂಗತಿ ನಡೆಯಿತು. ಮೊದಲ ಓದಿನಲ್ಲಿಯೇ ಅವರ ನಾಲಗೆಗೆ ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ಬಿಡಬೇಕು ಎಂಬುದು ತಿಳಿದಿತ್ತು. ನೇಮಿಚಂದ್ರನ ವೃತ್ತಗಳನ್ನು ಬಿಡಿಸುವದಕ್ಕೆ ವರ್ಷಗಟ್ಟಲೆ ತಿಣುಕಿದ್ದ ಆ ನಾಲಗೆಯು ಇದನ್ನು ಎಲ್ಲಿ ಕಲಿತಿತ್ತು? ಮೂರು ವರ್ಷಗಳ ಕಾಲ ನಸುಕಿನಲ್ಲಿ ಅರೆನಿದ್ದೆಯಲ್ಲಿ ಕೇಳಿದ್ದು ಎಲ್ಲಿಯೋ ಅಡಗಿ ಕುಳಿತಿತ್ತು.

ಚಕೋರಿಯ ಸ್ವಾರಸ್ಯವನ್ನು ಇಲ್ಲಿ ಕೊಂಚ ನಿಂತು ನೋಡುವದು ಅವಶ್ಯ. ಚಂದಮುತ್ತನೆಂಬ ಹುಡುಗನಿಗೂ ಯಕ್ಷಿಗೂ ನಡುವೆ ಇರುವದು ಸಂಗೀತ. ಅವನ ಹುಡುಕಾಟವು ಹೆಣ್ಣಿಗಾಗಿಯೋ ನಾದಕ್ಕಾಗಿಯೋ ಎಂದು ಬೇರ್ಪಡಿಸಿ ಹೇಳಲಿಕ್ಕಾಗದಂತೆ ಕವಿಯು ಎರಡನ್ನೂ ಹೆಣೆದಿರುವರು. ಚಕೋರವು ಬೆಳದಿಂಗಳನ್ನುಂಡು ಬದುಕುವ ಹಕ್ಕಿಯೆಂದು ಕವಿಸಮಯವು ಹೇಳುತ್ತದೆ. ಬೆಳದಿಂಗಳನ್ನೇ ಉಣ್ಣಬೇಕೆಂದವನಿಗೆ ನೆಲದ ಅನ್ನ ರುಚಿಸದು, ಇದೇ ಇಲ್ಲಿಯ ಸಂಕಟ. ಇಂಗ್ಲಿಷ್ ಕವಿ ಕೀಟ್ಸನು 1818ರಲ್ಲಿ ಚಂದ್ರದೇವತೆಯನ್ನು ಮೋಹಿಸಿದ ಕುರುಬ ರಾಜಕುಮಾರ ಎಂಡಿಮಿಯನ್ನನನ್ನು ಕುರಿತು ನಾಲ್ಕು ಸಾವಿರ ಸಾಲುಗಳ ಕಾವ್ಯವನ್ನು ಬರೆದದ್ದು ಓದಿದವರಿಗೆ ನೆನಪಾದೀತು. ಆದರೆ ಕೀಟ್ಸನಿಗೆ ಗ್ರೀಸಿನ ಕುರುಬರು ಪುಸ್ತಕದಲ್ಲಿ ಸಿಕ್ಕವರು. ಕಂಬಾರರಿಗೆ ಹಟ್ಟಿಯ ಜನರು ಕಿವಿಯಲ್ಲಿ ಸಿಕ್ಕವರು. ಈ ಅಂತರವು ಸಣ್ಣದಲ್ಲ. ಕೀಟ್ಸನ ಕಾವ್ಯವನ್ನು ಎಷ್ಟು ಗಟ್ಟಿಯಾಗಿ ಓದಿದರೂ ಅದು ಕೋಣೆಯಲ್ಲಿಯೇ ಉಳಿಯುತ್ತದೆ. ಚಕೋರಿಯು ಬಾಗಿಲಾಚೆ ಹೋಗಲಿಕ್ಕೆ ಹವಣಿಸುತ್ತದೆ.

ಅದು ಬಾಗಿಲಾಚೆ ಹೋದದ್ದು ಹೀಗೆ. ಅದೇ ಶ್ರಾವಣದಲ್ಲಿ ಹೆಂಡತಿಯ ತಂಗಿಯು ಕಣ್ಣಿನ ಪೊರೆಯನ್ನು ತೆಗೆಸಿಕೊಂಡು ಆಳಂದದ ಮನೆಯಲ್ಲಿ ಕೆಲವು ದಿನ ಉಳಿದಿದ್ದಳು. ಕಣ್ಣಿಗೆ ಪಟ್ಟಿ, ಬಗ್ಗುವ ಹಾಗಿಲ್ಲ, ಒಲೆಯ ಹತ್ತಿರ ಸುಳಿಯುವ ಹಾಗಿಲ್ಲ. ದುಡಿದು ದಣಿಯದ ಆ ಮುದುಕಿಗೆ ಸುಮ್ಮನೆ ಕೂಡುವದೇ ದೊಡ್ಡ ರೋಗವಾಯಿತು. ಆಕೆಯ ಬೇಸರವನ್ನು ಕಳೆಯಲೆಂದು ಮಾಸ್ತರರು ಸಂಜೆಯ ಮೇಲೆ ಅಂಗಳದಲ್ಲಿ ಚಕೋರಿಯನ್ನು ಓದತೊಡಗಿದರು. ಮೊದಲ ದಿನ ಕೇಳಿದವಳು ಆಕೆಯೊಬ್ಬಳೇ. ಮೂರನೆಯ ದಿನಕ್ಕೆ ನೆರೆಮನೆಯ ಹೆಣ್ಣುಮಕ್ಕಳು ಸೊಪ್ಪು ಸೋಸುವ ಮೊರಗಳನ್ನು ಹಿಡಿದುಕೊಂಡೇ ಬಂದು ಕುಳಿತರು. ಮಠದ ಪುರಾಣಕ್ಕೆ ಹೊರಟವರಲ್ಲಿ ಇಬ್ಬರು ಮೂವರು ದಾರಿಯಲ್ಲಿ ನಿಂತು ಕೇಳಿ, ತಡವಾಯಿತೆಂದು ಅವಸರದಿಂದ ಓಡಿದರು. ಓದು ಸಾಗಿದಂತೆ ಮಾಸ್ತರರು ಅರ್ಥ ಹೇಳುವದನ್ನು ಬಿಟ್ಟುಕೊಟ್ಟರು. ಹೇಳುವ ಅವಶ್ಯವಿರಲಿಲ್ಲ. ಯಕ್ಷಿಯೆಂದರೇನೆಂದು ಯಾರೂ ಕೇಳಲಿಲ್ಲ. ಹುಣ್ಣಿಮೆಯಲ್ಲಿ ಹೊಲಕ್ಕೆ ನೀರು ಹಾಯಿಸುವ ಗಂಡಸರ ಹೆಂಡಂದಿರಿಗೆ ಯಕ್ಷಿಯ ಪರಿಚಯವನ್ನು ಮಾಡಿಕೊಡಬೇಕೆ?

ಐದನೆಯ ಸಂಜೆ, ಚಂದಮುತ್ತನ ಮೋಹವು ತಲೆಗೇರಿದ ಭಾಗದಲ್ಲಿ, ಮೊರದಲ್ಲಿಯೇ ಕಣ್ಣಿಟ್ಟಿದ್ದ ಒಬ್ಬ ಹೆಂಗಸು ತಲೆಯೆತ್ತದೆ ಕೇಳಿದಳು:

“ಅಂವ ಯಕ್ಷಿ ಬೆನ್ನ ಹತ್ತಿ ಹೊಂಟಾನ, ಖರೇ ಅದ. ಮನಿ ಯಾರು ನೋಡ್ತಾರ್ರಿ, ಮಾಸ್ತರ?”

ಎಲ್ಲರೂ ನಕ್ಕರು. ಕೇಳಿದವಳು ನಗಲಿಲ್ಲ. ಆಕೆಯ ಮಗನು ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಎರಡು ದೀಪಾವಳಿಗಳು ಕಳೆದಿದ್ದವು.

ಮಾಸ್ತರರು ಅಂದು ಮುಂದಕ್ಕೆ ಓದಲಿಲ್ಲ. ರಾತ್ರಿಯೆಲ್ಲ ಆ ಪ್ರಶ್ನೆಯು ಅವರನ್ನು ಕಾಡಿತು. ಕಂದರ್ಪನು ಜಯಂತೀಪುರವನ್ನು ಬಿಟ್ಟಾಗ ಅಲ್ಲಿಯವರ ಗತಿಯೇನಾಯಿತೆಂದು ಅವರು ಮೂವತ್ತೈದು ವರ್ಷಗಳಲ್ಲಿ ಒಮ್ಮೆಯೂ ಹುಡುಗರನ್ನು ಕೇಳಿರಲಿಲ್ಲ. ಹುಡುಕಿ ಹೊರಟವನ ಕಾವ್ಯಗಳೆಲ್ಲ ಹೊರಟವನ ಹಿಂದೆಯೇ ಹೋಗುತ್ತವೆ. ಮನೆಯ ಹೊಸ್ತಿಲಲ್ಲಿ ನಿಂತವರನ್ನು ಕವಿಗಳು ಒಂದೆರಡು ಪದ್ಯಗಳಲ್ಲಿ ಅಳಿಸಿ ಮುಂದೆ ಸಾಗುತ್ತಾರೆ. ಇದಕ್ಕೆ ಅಪವಾದಗಳೂ ಇಲ್ಲದಿಲ್ಲ. 1657ರಲ್ಲಿ ವಿಜಾಪುರದ ಎರಡನೆಯ ಅಲಿ ಆದಿಲಶಾಹನ ಆಸ್ಥಾನಕವಿ ನುಸ್ರತಿಯು ಈ ನಾಡಿನದೇ ಆದ ದಖನಿ ಮಾತಿನಲ್ಲಿ ಗುಲ್ಶನ್-ಎ-ಇಷ್ಕ ಎಂಬ ಪ್ರೇಮಕಾವ್ಯವನ್ನು ರಚಿಸಿದನು. ಅದರಲ್ಲಿ ಪರಿಗಳು ಮನೋಹರನನ್ನು ನಿದ್ದೆಯಲ್ಲಿಯೇ ಹೊತ್ತೊಯ್ದು ಮಧುಮಾಲತಿಯ ಕೋಣೆಯಲ್ಲಿಳಿಸುತ್ತಾರೆ, ಬೆಳಗಾಗುವದರಲ್ಲಿ ಅಗಲಿಸುತ್ತಾರೆ. ಅವನು ಕಡಲನ್ನು ದಾಟಿ ಅವಳನ್ನು ಹುಡುಕುವದು ಸರಿಯೆ. ಆದರೆ ತಾಯಿಯ ಕೋಪದಿಂದ ಹಕ್ಕಿಯಾದ ಮಧುಮಾಲತಿಯೂ ರೆಕ್ಕೆ ಬಡಿಯುತ್ತ ಅವನನ್ನು ಹುಡುಕಿ ಹಾರುತ್ತಾಳೆ. ಮೀರ್ ಹಸನನ ಜೋಗಿಣಿಯಂತೂ ಬೀನನ್ನು ಹಿಡಿದು ಹೊರಟೇಬಿಟ್ಟಳು. ಆ ರಾತ್ರಿ ಮಾಸ್ತರರಿಗೆ ಮೌಲವಿ ಸಾಹೇಬರ ಕಣ್ಣೀರು ನೆನಪಾಯಿತು. ಅದು ಹಾರುವ ಕುದುರೆಯ ಭಾಗಕ್ಕೆ ಬರುತ್ತಿದ್ದ ಕಣ್ಣೀರಾಗಿರಲಿಲ್ಲ. ಹುಡುಗಿಯೊಬ್ಬಳು ಮೈಗೆ ಬೂದಿ ಬಳಿದುಕೊಂಡು ಮನೆಯಿಂದ ಇಳಿಯುವ ಭಾಗಕ್ಕೆ ಬರುತ್ತಿತ್ತು. ಇಷ್ಟಾದರೂ ಹಕ್ಕಿಯಾಗಲಿ ಜೋಗಿಣಿಯಾಗಲಿ ಹೊರಟವರೇ. ಉಳಿದವರ ಕಾವ್ಯವು ಎಲ್ಲಿದೆ?

ಬೆಳಿಗ್ಗೆ ಅವರು ನಾದಿನಿಗೆ ಈ ಮಾತನ್ನೇ ಬೇರೆ ರೀತಿಯಿಂದ ಕೇಳಿದರು. ಬೀರದೇವರು ಕಾಮರತಿಯನ್ನು ಪಡೆಯಲು ಹೋದ ಮೇಲೆ ಮಾಯವ್ವನು ಏನು ಮಾಡಿದಳು?

ಪಟ್ಟಿ ಕಟ್ಟಿದ ಕಣ್ಣಿನ ಮುದುಕಿಯು ಸ್ವಲ್ಪ ಹೊತ್ತು ಸುಮ್ಮನಿದ್ದು ಹಾಡತೊಡಗಿದಳು. ಕಲ್ಲಿಲ್ಲದಿದ್ದರೂ ಬಲಗೈ ತಾನಾಗಿ ತಿರುಗುತ್ತಿತ್ತು. ಮಾಯವ್ವ ತಮ್ಮನ ಕಂಬಳಿಯನ್ನು ಮಡಿಚಿ ಗೂಟಕ್ಕೆ ಹಾಕುತ್ತಾಳೆ. ತಿರುಗಿ ತೆಗೆದು ಹಾಸುತ್ತಾಳೆ, ತಿರುಗಿ ಮಡಿಚುತ್ತಾಳೆ. ಮರಿಗಳನ್ನು ಎಣಿಸುತ್ತಾಳೆ, ಪ್ರತಿ ಸಂಜೆಯೂ ಒಂದು ತಪ್ಪುತ್ತದೆ, ಏಕೆಂದರೆ ಆಕೆ ತಮ್ಮನನ್ನೂ ಸೇರಿಸಿ ಎಣಿಸುತ್ತಾಳೆ. ಹಾಲು ಕಾಯಿಸುತ್ತಾಳೆ, ಉಕ್ಕುತ್ತದೆ. ಹಾಲು ಉಕ್ಕಿದ ದಿಕ್ಕಿಗೆ ತಮ್ಮ ಇರುವನೆಂದು ಆ ದಿಕ್ಕಿಗೆ ಮುಖ ಮಾಡಿ ಕುಳಿತುಕೊಳ್ಳುತ್ತಾಳೆ. ಹೊರಟವನಿಗೆ ಏಳು ಅಡವಿಗಳಾದರೆ ಕುಳಿತವಳಿಗೆ ಏಳು ಸಂಜೆಗಳು. ಒಂದೊಂದು ಅಡವಿಗೆ ಒಂದೊಂದು ಸಂಜೆಯನ್ನು ಜೋಡಿಸಿ ಹಾಡು ಎರಡು ಕಡೆಗೂ ನಡೆಯುತ್ತಿತ್ತು. ನಾಲ್ಕನೆಯ ಸಂಜೆಯವರೆಗೆ ಹಾಡಿದ ಮುದುಕಿಯು ಐದನೆಯದರಲ್ಲಿ ತಡವರಿಸಿದಳು. ಮೊದಲಿಂದ ಮತ್ತೊಮ್ಮೆ ಹಾಡಿಕೊಂಡು ಬಂದಳು. ಅದೇ ಜಾಗದಲ್ಲಿ ಮತ್ತೆ ನಿಂತಳು.

“ಮುಂದಿಂದು ನನಗ ಬರಂಗಿಲ್ಲ, ಮಾಮಾ. ಅಕ್ಕಗ ಬರ್ತಿತ್ತು. ನಮ್ಮ ಊರಾಗ ಪೂರಾ ಬರ್ತಿದ್ದದ್ದು ಅಕಿಗೊಬ್ಬಾಕಿಗೇ” ಎಂದವಳು, ಒಂದು ಗಳಿಗೆ ತಡೆದು, ಸಹಜವಾಗಿ ಕೇಳಿದಳು: “ನಿಮ್ಮ ಮನ್ಯಾಗ ಹಾಡ್ತಿದ್ದಿಲ್ಲೇನ್ರಿ?”

ಮಾಸ್ತರರು ಉತ್ತರ ಕೊಡಲಿಲ್ಲ. ಆಕೆಯ ಕಣ್ಣಿಗೆ ಪಟ್ಟಿ ಇದ್ದದ್ದರಿಂದ ಅವರ ಮುಖವು ಆಕೆಗೆ ಕಾಣಲಿಲ್ಲ.

ಚಕೋರಿಯ ಓದು ಆ ವಾರದಲ್ಲಿ ಮುಗಿಯಿತು. ಕೊನೆಯ ಸಂಜೆ ಯಾರೋ ಪುರಾಣ ಮಂಗಲಕ್ಕೆ ಮಾಡುವಂತೆ ಹುಗ್ಗಿಯನ್ನು ಮಾಡಿ ತಂದಿದ್ದರು. ಮನೆ ಯಾರು ನೋಡುತ್ತಾರೆಂದು ಕೇಳ ಬಂದವಳಿಗೆ ಕಾವ್ಯವು ಒಪ್ಪಿಗೆಯಾಯಿತೇ ಇಲ್ಲವೇ ಎಂದು ಹೇಳುವದು ಕಷ್ಟ. ಆಕೆ ಒಂದು ಸಂಜೆಯನ್ನೂ ತಪ್ಪಿಸಲಿಲ್ಲವೆಂಬುದು ಮಾತ್ರ ನಿಜ. ಹೊಸ ಮಹಾಕಾವ್ಯವು ಜನರಿಗೆ ಮುಟ್ಟುವದಿಲ್ಲವೆಂದು ಹಲುಬುವವರು ಅದನ್ನು ಅಂಗಳಕ್ಕೆ ಒಯ್ದು ನೋಡಿರುವರೋ ಎಂದು ಕೇಳಬೇಕಾಗುತ್ತದೆ. ಒಯ್ದರೆ ಅದು ಹೊಗಳಿಕೆಯನ್ನೇ ತಂದೀತೆಂದಲ್ಲ. ಅಂಗಳವು ಕೇಳುವ ಪ್ರಶ್ನೆಗಳಿಗೆ ವಿಮರ್ಶೆಯಲ್ಲಿ ಉತ್ತರವಿರುವದಿಲ್ಲ. ಚಕೋರಿಯು ಅಂಥ ಪ್ರಶ್ನೆಯನ್ನು ಹುಟ್ಟಿಸುವಷ್ಟು ಜೀವಂತವಾಗಿತ್ತು. ಸತ್ತ ಕಾವ್ಯವನ್ನು ಯಾರೂ ಮನೆ ಯಾರು ನೋಡುತ್ತಾರೆಂದು ಕೇಳುವದಿಲ್ಲ.

ಆ ವರ್ಷ ತೊಗರಿಯ ರಾಶಿ ಮುಗಿದ ಮೇಲೆ ಮಾಸ್ತರರು ಹೆಂಡತಿಯ ತವರೂರಿಗೆ ಹೋದರು. ಹರಗೋಲು ಎಂದೋ ಹೋಗಿ ಸೇತುವೆಯ ಮೇಲೆ ಬಸ್ಸು ಓಡುತ್ತಿತ್ತು. ಬೀರದೇವರ ಗುಡಿಯ ಮುಂದೆ ಡೊಳ್ಳಿನ ಮೇಳದ ಹಿರಿಯರನ್ನು ಕೂಡಿಸಿ ಐದನೆಯ ಸಂಜೆಯನ್ನು ಕೇಳಿದರು. ಹಿರಿಯರು ಅಡವಿಗಳನ್ನು ಒಂದೂ ಬಿಡದೆ ಹಾಡಿದರು; ಅಡವಿಯ ಹುಲಿ, ಮಾಯದ ಹೊಳೆ, ಎಲ್ಲವೂ ಬಂದವು. ಮಾಯವ್ವನ ವಿಷಯಕ್ಕೆ ಬಂದಾಗ ಅಕ್ಕ ಅತ್ತಳೆಂದು ಹೇಳಿ ಮುಂದೆ ಹೋದರು. ಮಾಸ್ತರರು ತಡೆದು ಕೇಳಿದಾಗ ಮೇಳದ ಹಿರಿಯನು ತುಸು ಆಶ್ಚರ್ಯದಿಂದ, “ಅದು ಹೆಣಮಕ್ಕಳ ಪಾಲ್ರಿ, ಸಾಹೇಬರ. ಡೊಳ್ಳಿಗೆ ಕೂಡಂಗಿಲ್ಲ ಅದು” ಎಂದನು. ಊರಿನ ಮುದುಕಿಯರಲ್ಲಿ ಇಬ್ಬರಿಗೆ ಕಂಬಳಿಯ ಪದ ಗೊತ್ತಿತ್ತು, ಒಬ್ಬಳಿಗೆ ಹಾಲಿನ ಪದ. ಐದು, ಆರು, ಏಳನೆಯ ಸಂಜೆಗಳು ಯಾರಲ್ಲಿಯೂ ಇರಲಿಲ್ಲ.

ಮಾಸ್ತರರು ಶಾಲೆಯ ಹಾಜರಿ ಪುಸ್ತಕದಂಥ ಉದ್ದನೆಯ ವಹಿಯೊಂದರಲ್ಲಿ ನಾಲ್ಕು ಸಂಜೆಗಳನ್ನು ಬರೆದಿಟ್ಟರು. ಪ್ರತಿ ಪದದ ಪಕ್ಕಕ್ಕೆ ಹಾಡಿದವರ ಊರನ್ನೂ ದಿನಾಂಕವನ್ನೂ ಗುರುತು ಮಾಡಿದರು. ಐದನೆಯ ಸಂಜೆಯ ತಲೆಬರಹವನ್ನು ಕೆಂಪು ಮಸಿಯಲ್ಲಿ ಬರೆದು, ಅದರ ಕೆಳಗೆ ನಾಲ್ಕು ಪುಟಗಳನ್ನು ಖಾಲಿ ಬಿಟ್ಟರು. ಆರನೆಯದಕ್ಕೂ ಏಳನೆಯದಕ್ಕೂ ಹಾಗೆಯೇ. ಹಿತ್ತಲಿನಲ್ಲಿದ್ದ ಬೀಸುವ ಕಲ್ಲನ್ನು ತೊಳೆದು ಒಳಗೆ ತರಿಸಿದರು. ಅವರ ಕಾಲಾನಂತರ ಆ ವಹಿಯು ಮಗಳ ಮಗಳ ಹತ್ತಿರ ಉಳಿದಿದೆ. ಆಕೆ ಈಗ ಅಫಜಲಪುರದ ಕಡೆ ಕಾಲೇಜಿನಲ್ಲಿ ಕನ್ನಡವನ್ನು ಕಲಿಸುತ್ತಾಳೆ. ಐದನೆಯ ಸಂಜೆಯ ಕೆಂಪು ತಲೆಬರಹದ ಕೆಳಗೆ, ಬೇರೆ ಕೈಬರಹದಲ್ಲಿ, ನೀಲಿ ಮಸಿಯಿಂದ ಬರೆದ ಮೂರು ಪದಗಳು ಸೇರಿವೆ. ಪಕ್ಕದಲ್ಲಿ ಭೀಮೆಯ ಈಚೆಯ ದಂಡೆಯ ಒಂದು ಊರಿನ ಹೆಸರೂ ದಿನಾಂಕವೂ ಇವೆ. ಮಿಕ್ಕ ಪುಟಗಳು ಹಾಗೆಯೇ ಇವೆ.